ನೀರಿಲ್ಲದೆ ಇಳಿದ ತುತ್ತು

ಉಬೆರಾಬ
9 ಜುಲೈ 1987

ನನ್ನ ಲಿಂಡಾಲ್ವಾ,

ಆರು ವರ್ಷ ಕಾಗದ ಹಾಕದವಳು ಈಗ ಯಾವ ಮುಖ ಇಟ್ಟುಕೊಂಡು ಬರೆಯುತ್ತಾಳೆ ಎಂದು ಬೈದರೆ ಬೈಸಿಕೊಳ್ಳುತ್ತೇನೆ. ಬೈದು ಮುಗಿದ ಮೇಲೆ ಮುಂದೆ ಓದು. ನೀನು, ನಿನ್ನ ಗಂಡ ವಾಲ್ಮೀರ್, ನಾನಿನ್ನೂ ನೋಡದ ಕೂಸು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಪ್ಪತ್ತಾರಕ್ಕೆ ಕೂಸಿನ ದೀಕ್ಷಾಸ್ನಾನವೆಂದು ನಿನ್ನಣ್ಣ ಹೇಳಿದ. ನೀನು ಕರೆದಿಲ್ಲ, ಗೊತ್ತು. ಆದರೂ ಬರಬೇಕೆಂದಿದೆ.

ಯಾಕೆಂದರೆ ನಿನ್ನೆ ಅನ್ನ, ಬೀನ್ಸ್ ಕಾಳು, ಮೇಲೊಂದು ಚೀಸ್ ಬನ್ನು ತಿಂದೆ, ಒಂದು ಗುಟುಕು ನೀರಿಲ್ಲದೆ! ನೀನು ಚಿಕ್ಕವಳಿದ್ದಾಗ ನಾನು ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ, ತುತ್ತಿಗೊಂದು ಗುಟುಕು ನೀರು ಕುಡಿದು ಇಳಿಸುತ್ತ ಉಣ್ಣುತ್ತಿದ್ದೆ. ಅಮ್ಮಂದಿರು ಹಾಗೇ ಎಂದುಕೊಂಡಿದ್ದೆ ನೀನು. ಮಣ್ಣುಗೋಡೆಯ ಕೀಟ ಎಂದೋ ಕಚ್ಚಿ ಹತ್ತಿಸಿದ ರೋಗ ಅನ್ನನಾಳದ ನರಗಂಟುಗಳನ್ನು ತಿಂದುಹಾಕಿದೆ, ಅದಕ್ಕೇ ತುತ್ತು ಎದೆಯಲ್ಲೇ ಕೂರುತ್ತದೆ ಎಂದರು ಇಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ತಾಲಿತ. ಪಕ್ಕದ ಮನೆಯ ಒರ್ಲಾಂಡಿನಳಿಗೂ ಅದೇ ಪಾಡು.

ಡಾಕ್ಟರು ನಾಲಿಗೆಯಡಿ ಇಡುವ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದಾರೆ; ನಾವಿಬ್ಬರೂ ಹೆಸರು ಕೊಟ್ಟೆವು. ಕೆಲವರಿಗೆ ಮದ್ದು, ಕೆಲವರಿಗೆ ಬರೀ ಸಕ್ಕರೆ. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿರುವುದಿಲ್ಲ. ಒರ್ಲಾಂಡಿನ ತಕರಾರು ತೆಗೆದಳು: "ಇದೊಳ್ಳೆ ಅನ್ಯಾಯ ಕಣೆ. ನಿಂಗೆ ಮದ್ದು, ನಂಗೆ ಸಕ್ಕರೆ ಬಂದ್ರೆ? ನೀನು ಗಬಗಬ ತಿನ್ನೋದನ್ನ ನಾನು ನೋಡ್ತಾ ಕೂರ್ಲಾ?" ನಮ್ಮ ಬೀದಿ ಗೊತ್ತಲ್ಲ, ಹಂದಿ ಕೊಯ್ದವರು ಪಕ್ಕದ ಮನೆಗೆ ಪಾಲು ಕಳಿಸದೆ ಒಲೆ ಹಚ್ಚುವುದಿಲ್ಲ. ಎರಡೂ ಸೀಸೆಯನ್ನು ಒಂದೇ ಡಬ್ಬಿಗೆ ಸುರಿದು ದಿನಾ ಒಂದೊಂದು ತೆಗೆದುಕೊಂಡೆವು.

ಕೆಲವು ದಿನ ತಲೆ ಸಿಡಿಯುತ್ತಿತ್ತು; ಅಂದೇ ಊಟ ಸಲೀಸಾಗಿ ಇಳಿಯುತ್ತಿತ್ತು. ಉಳಿದ ದಿನ ಹಳೇ ಕತೆಯೇ. ಅದನ್ನೆಲ್ಲ ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ನಿಯತ್ತಾಗಿ ಬರೆದೆವು, ನಮ್ಮ ಜಾಣತನ ನೋಡು. ಮೊನ್ನೆ ಡಾಕ್ಟರು ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟುಕೊಂಡು, "ಮದ್ದು ಸಿಕ್ಕವರಿಗೆ ದಿನಾ ತಲೆ ನೋಯುತ್ತೆ, ಸಕ್ಕರೆ ಸಿಕ್ಕವರಿಗೆ ನೋಯಲ್ಲ. ನಿಮ್ಮಿಬ್ರಿಗೂ ಒಂದಿನ ಇದೆ, ಒಂದಿನ ಇಲ್ಲ. ಅದ್ಹೇಗೆ ಜೆನೆರೋಜಮ್ಮ?" ಎಂದರು.

ಒರ್ಲಾಂಡಿನ, "ಹಂದಿ ಪಾಲಿನ ಹಾಗೆ ಹಂಚ್ಕೊಂಡ್ವಿ ಡಾಕ್ಟ್ರೇ" ಎಂದುಬಿಟ್ಟಳು.

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. "ನಿಮ್ಮ ಹೆಸರು ಹೊಡೆದುಹಾಕ್ಲೇಬೇಕು" ಎಂದಾಗ ಅವರ ಕೈ ಹಿಡಿದುಕೊಂಡೆ. "ಮೊಮ್ಮಗನ ದೀಕ್ಷಾಸ್ನಾನ ತಾಯಿ, ಅದೊಂದಿನಕ್ಕಾದ್ರೂ ಕೊಡಿ" ಎಂದು ಅತ್ತೇಬಿಟ್ಟೆ.

"ಪರೀಕ್ಷೆಯಿಂದ ಹೊರಗೆ ಬಂದ್ರೆ ನೀವು ಬರೀ ನನ್ನ ರೋಗಿಗಳು. ರೋಗಿಗಳಿಗೆ ನಾನು ಸಕ್ಕರೆ ಕೊಡಲ್ಲ" ಎಂದು ಇಬ್ಬರಿಗೂ ನಿಜವಾದ ಮದ್ದನ್ನೇ ಬರೆದುಕೊಟ್ಟರು. ಒರ್ಲಾಂಡಿನ ಬಸ್‌ ನಿಲ್ದಾಣದಲ್ಲೇ ಎರಡು ಕಡುಬು ತಿಂದಳು, ತಲೆ ಹಿಡಿದುಕೊಂಡು ನಗುತ್ತ.

ದೇವರು ನಿಮ್ಮ ಮೂವರನ್ನೂ ಕಾಯಲಿ. ಕೂಸಿಗೆ ಅಜ್ಜಿಯ ಮುತ್ತು. ವಾಲ್ಮೀರನಿಗೂ ನನ್ನ ಆಶೀರ್ವಾದ, ಮನಸಾರೆ.

ನಿನ್ನ ಅಮ್ಮ,
ಜೆನೆರೋಜ

ಮರೆತಿದ್ದೆ: ನಿನ್ನ ಮದುವೆಯಲ್ಲಿ ತಟ್ಟೆ ಮುಟ್ಟದೆ ಎದ್ದುಹೋದೆನಲ್ಲ, "ಅಮ್ಮಂಗೆ ನನ್ನ ಗಂಡನ್ನ ಕಂಡ್ರೆ ಆಗಲ್ಲ" ಎಂದೆ ನೀನು ಎಲ್ಲರೆದುರು. ಹಾಗೇ ಅಂದುಕೊಳ್ಳಲಿ ಎಂದು ಸುಮ್ಮನಾದೆ. ಬೀಗರೆದುರು ತುತ್ತು ಹೊರಗೆ ಬಂದಿದ್ದರೆ ನಿನ್ನ ಮಾನ ಏನಾಗಬೇಕಿತ್ತು? ಬಾಗಿಲಲ್ಲಿ ಕಾಗದ ಸುತ್ತಿ ಕೊಟ್ಟ ಮದುವೆ ಸಿಹಿಯನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ನೀರಿನಲ್ಲಿ ನೆನೆಸಿ ನೆನೆಸಿ ತಿಂದೆ. ಊರು ಬರುವವರೆಗೂ ಹಿಡಿಯಿತು. ನಿನ್ನ ಮದುವೆಯ ಊಟ ನಾನು ಉಂಡಿದ್ದೇನೆ, ಮಗಳೇ.