ಇನ್‌ಸ್ಪೆಕ್ಟರ್ ಮನೆಯ ಕೀ

ಭಾನುವಾರ, ಮಧ್ಯಾಹ್ನ

ನನ್ನ ಪ್ರೀತಿಯ ಜಗಳಗಂಟಿಗೆ,

ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. ‘ರಾಜಿ’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಕಟ್ ಮಾಡಿಬಿಟ್ಟೆ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಓದಿ ಹರಿ.

ದೂರು ಬರೆದವಳು ನೀನು. ಯಾರದೋ ಮನೆಯ ಕಳ್ಳತನಕ್ಕೆ ಡೂಪ್ಲಿಕೇಟ್ ಕೀ ಮಾಡಿಕೊಟ್ಟವನು ಇವನೇ ಎಂದು ನಿಮ್ಮಪ್ಪನನ್ನು ಇನ್‌ಸ್ಪೆಕ್ಟರ್ ಅಂಗಡಿಯಿಂದ ಕೊರಳಪಟ್ಟಿ ಹಿಡಿದು ಎಳೆದೊಯ್ದದ್ದು, ಸ್ಟೇಷನ್ನಿನಲ್ಲಿ ಮೇಜಿನ ಮೇಲೆ ಕೈ ಇಡಿಸಿ ಲಾಠಿಯಿಂದ ಹೊಡೆದದ್ದು, ಕದ್ದವನು ಆ ಮನೆಯ ಅಳಿಯನೇ ಎಂದು ತಿಳಿದ ಮೇಲೆ ‘ಹೋಗು’ ಎಂದು ಕಳಿಸಿದ್ದು, ಎಲ್ಲವನ್ನೂ ನೀನು ನನಗಿಂತ ಚೆನ್ನಾಗಿ ಬರೆದಿದ್ದೀಯ. ವಿಚಾರಣೆ ಆಗಲಿ, ಆ ಇನ್‌ಸ್ಪೆಕ್ಟರ್ ಕೆಲಸ ಹೋಗಲಿ ಎಂಬುದು ನಿನ್ನ ಹಟ. ತಪ್ಪಲ್ಲ. ಆದರೆ ನೀನು ದೂರದ ಹಾಸ್ಟೆಲಿನಲ್ಲಿದ್ದೀಯ. ಇಲ್ಲಿ, ನಿಮ್ಮಪ್ಪ ಬಿಡುಗಡೆಯಾಗಿ ಬಂದ ಮೇಲೂ ಒಬ್ಬರೂ ಕೀ ತರಲಿಲ್ಲ. ಪಕ್ಕದ ಔಷಧಿ ಅಂಗಡಿಯವರು ನಮ್ಮ ಮುಂದೆಯೇ ಹಾದು, ಪೇಟೆಯ ಆಚೆ ತುದಿಗೆ ಹೋಗಿ ಮಾಡಿಸಿಕೊಂಡು ಬಂದರು. ಮನೆಯ ಕೀಯನ್ನು ಅನುಮಾನದ ಮನುಷ್ಯನ ಕೈಗೆ ಯಾರು ಕೊಡುತ್ತಾರೆ? ನಿಮ್ಮಪ್ಪ ಬೆಳಿಗ್ಗೆ ಹೋಗಿ ಕೀ ಕೊರೆಯುವ ಯಂತ್ರ ಒರೆಸಿ, ಸಂಜೆ ಅದನ್ನೇ ಒರೆಸಿ ಬರುತ್ತಿದ್ದರು.

ಅಷ್ಟರಲ್ಲಿ ನೀನು ದೂರು ಕಳಿಸಿದ್ದ ಮಾನವ ಹಕ್ಕುಗಳ ಕಚೇರಿಯಿಂದ ಕರೆ ಬಂತು. ವಿಚಾರಣೆಗೆ ಮೊದಲು ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಮಾತಾಡಿಸುತ್ತಾರಂತೆ, ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದಂತೆ. ಅದಕ್ಕೆ ಸಂಧಾನ ಎನ್ನುತ್ತಾರೆ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂದು ಬರೆಸಿಕೊಂಡಿದ್ದಾರೆ. ಮಗಳು ಹೊರಗಿನವಳಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಉದ್ದನೆಯ ಮೇಜು, ನೀರಿನ ಜಗ್ಗು, ಕಾಗದದ ಕರವಸ್ತ್ರದ ಡಬ್ಬಿ. ಡಬ್ಬಿಯನ್ನು ನಮ್ಮ ಕಡೆಗೇ ಸರಿಸಿ ಇಟ್ಟಿದ್ದರು; ಅಳುವವರು ನಾವೇ ಎಂದು ಮೊದಲೇ ತೀರ್ಮಾನವಾಗಿತ್ತು. ಸಂಧಾನದ ಮೇಡಂ ನನಗೆ, ಜೊತೆಗೆ ಕೂರಬಹುದು, ನಡುವೆ ಮಾತಾಡುವ ಹಾಗಿಲ್ಲ ಎಂದಿದ್ದರು. ನನ್ನ ಬಾಯಿಯ ಬಗ್ಗೆ ಅವರಿಗೆ ಗೊತ್ತಿರಲಿಲ್ಲ, ಪಾಪ.

ಇನ್‌ಸ್ಪೆಕ್ಟರ್ ಜೇಬಿನಿಂದ ಒಂದು ಚೀಟಿ ತೆಗೆದು, ತಮಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ ಎಂದು ಓದಿದ. ಅನಾನುಕೂಲವಂತೆ! ನಲ್ಲಿಯಲ್ಲಿ ನೀರು ಬರದಿದ್ದರೆ ಅದು ಅನಾನುಕೂಲ. ನನಗೆ ಮೈಯೆಲ್ಲ ಉರಿಯಿತು. ನಿಮ್ಮಪ್ಪನೋ, ಕುರ್ಚಿಯಿಂದ ಅರ್ಧ ಎದ್ದು, ‘ಇರ್ಲಿ ಬಿಡಿ ಸಾರ್’ ಅಂದುಬಿಟ್ಟರು! ಬಸ್ಸಿನಲ್ಲಿ ಕಾಲು ತುಳಿದವರಿಗೂ ಅವರು ಹೇಳುವುದು ಅದನ್ನೇ. ಮೇಡಂ ಮುಖ ಅರಳಿತು, ಪೆನ್ನು ತೆರೆದೇಬಿಟ್ಟರು. ‘ಅದನ್ನ ಬರ್ಕೋಬೇಡಿ ಮೇಡಂ, ಇವ್ರು ಎಲ್ರಿಗೂ ಹಂಗೇ ಅಂತಾರೆ’ ಎಂದೆ. ಮಾತಾಡಬಾರದಾಗಿತ್ತು, ಮಾತಾಡಿದೆ.

ಮೇಡಂ ಪೆನ್ನು ಕೆಳಗಿಟ್ಟು, ಹಾಗಾದರೆ ನಿಮಗೆ ಏನು ಬೇಕು ನೀವೇ ಹೇಳಿ ಎಂದರು. ನಿಮ್ಮಪ್ಪ, ‘ಸಾರ್ ಯೂನಿಫಾರ್ಮ್ ಹಾಕ್ಕೊಂಡು, ಪೇಟೇಲಿ ಜನ ಇರೋ ಹೊತ್ತಿಗೆ ನನ್ ಅಂಗಡಿಗೆ ಬರ್ಲಿ. ಅವರ ಮನೆ ಕೀ ಕೊಟ್ಟು ಇನ್ನೊಂದು ಮಾಡಿಸ್ಕೊಂಡು ಹೋಗ್ಲಿ’ ಎಂದರು.

ಇನ್‌ಸ್ಪೆಕ್ಟರ್ ಆಗ ತಲೆ ಎತ್ತಿದ. ‘ನಮ್ಮನೆ ಕೀನಾ?’

‘ಹೌದು ಸಾರ್. ನಿಮ್ಮನೇದೇ.’

ಅವನ ಮನೆಯಲ್ಲೂ ಹೆಂಡತಿ ಮಕ್ಕಳಿರಬೇಕು. ಚೀಟಿಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದ. ಕೊನೆಗೆ, ‘ತಪ್ಪು ಮಾಡ್ದೆ. ಬರ್ತೀನಿ’ ಎಂದ. ಕರವಸ್ತ್ರದ ಡಬ್ಬಿಯಿಂದ ನಾನು ಒಂದು ಕಾಗದ ಎಳೆದುಕೊಂಡದ್ದು ಆಗಲೇ, ಬೇಕಾದರೆ ನಗು.

ಒಪ್ಪಂದ ಬರೆಯುವಾಗ ಮೇಡಂ, ಪೆಟ್ಟು ಬಿದ್ದ ಕೈ ಹೇಗಿದೆ ಎಂದು ಕೇಳಿದರು. ಏನೂ ತೊಂದರೆ ಇಲ್ಲ ಎಂದರು ನಿಮ್ಮಪ್ಪ. ಹಾಗೆಯೇ ಬರೆದುಕೊಂಡರು. ತಪ್ಪೊಪ್ಪಿಗೆ, ಅಂಗಡಿಗೆ ಬರುವುದು, ಮತ್ತೆ ದೂರು ಎತ್ತದಿರುವುದು ಎಲ್ಲ ಸೇರಿಸಿ ಇಬ್ಬರೂ ಸಹಿ ಮಾಡಿದರು.

ಶುಕ್ರವಾರ ಸಂಜೆ ಅವನು ಬಂದ. ಟೋಪಿ, ನಕ್ಷತ್ರ, ಬೂಟು, ಏನೂ ಕಡಿಮೆಯಿಲ್ಲ. ಪೇಟೆಗೆ ಪೇಟೆಯೇ ಉಸಿರು ಬಿಗಿಹಿಡಿದು ನಿಂತಿತು, ಮತ್ತೆ ಹಿಡಿದುಕೊಂಡು ಹೋಗಲು ಬಂದ ಎಂದು. ಅವನು ಎಲ್ಲರಿಗೂ ಕೇಳುವ ಹಾಗೆ, ಅವತ್ತು ನಾನು ಮಾಡಿದ್ದು ತಪ್ಪು ಎಂದು ಹೇಳಿ ಕೀ ಕೊಟ್ಟ. ನಿಮ್ಮಪ್ಪ ಎಲ್ಲರ ಎದುರು ಕೂತು ಕೊರೆದುಕೊಟ್ಟರು. ಮಾರನೆಯ ದಿನ ಮೊದಲು ಬಂದವರು ಔಷಧಿ ಅಂಗಡಿಯವರೇ. ಈಗ ಯಂತ್ರಕ್ಕೆ ಬಿಡುವಿಲ್ಲ. ನಿಮ್ಮಪ್ಪ ಊಟಕ್ಕೆ ಕೂತಾಗ ಹಳೆಯ ಹಾಗೆ ನನ್ನನ್ನು ರೇಗಿಸುತ್ತಾರೆ. ನಿನಗಿದು ಸೋಲು ಎನಿಸಿದರೂ ಎನಿಸಲಿ, ನನಗೆ ಮನೆ ಮನೆಯಾಗಿದೆ. ಸಿಟ್ಟು ಇಳಿದ ಮೇಲೆ ಫೋನ್ ಮಾಡು. ಊಟ ಬಿಟ್ಟು ಸಿಟ್ಟು ಮಾಡಬೇಡ.

ನಿನ್ನ ಬಾಯಿಬಡುಕಿ
ಅಮ್ಮ

ತಾ.ಕ.: ಕಾಗದ ಅಂಚೆಗೆ ಹಾಕುವ ಮೊದಲೇ ಹೀಗಾಯಿತು. ಇವತ್ತು, ಸೋಮವಾರ, ನಿಮ್ಮಪ್ಪ ಟೀ ಕುಡಿಯಲು ಹೋಗಿದ್ದಾಗ ಇನ್‌ಸ್ಪೆಕ್ಟರ್ ಸಾದಾ ಬಟ್ಟೆಯಲ್ಲಿ ಅಂಗಡಿಗೆ ಬಂದ. ಎರಡೂ ಕೀ ಮೆಲ್ಲಗೆ ಮುಂದಿಟ್ಟು, ‘ಹೊಸದು ತಿರುಗ್ತಾ ಇಲ್ಲಮ್ಮ’ ಎಂದ. ನಿನಗೆ ಹೇಳಬಾರದೆಂದು ನಿಮ್ಮಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು: ಆ ಪೆಟ್ಟು ಬಿದ್ದಾಗಿನಿಂದ ಅವರ ಬಲಗೈ ಬೆರಳುಗಳಿಗೆ ಸ್ಪರ್ಶವೇ ಇಲ್ಲ. ತಿಳಿದರೆ ಯಾರೂ ಕೀ ತರುವುದಿಲ್ಲವೆಂದು ಮೇಡಂ ಮುಂದೆ ಸುಳ್ಳು ಹೇಳಿದರು, ನಾನೂ ಸುಮ್ಮನಿದ್ದೆ. ಈಗ ಬಂದ ಕೀಗಳನ್ನೆಲ್ಲ ಅಂಗಡಿಯ ಪರದೆಯ ಹಿಂದೆ ಕೂತು ಕೊರೆಯುತ್ತಿರುವವಳು ನಾನು. ಶುಕ್ರವಾರದ್ದನ್ನು ಮಾತ್ರ, ಎಲ್ಲರೂ ನೋಡುತ್ತಿದ್ದರಲ್ಲ, ಅವರೇ ಮಾಡಬೇಕಾಯಿತು. ಇನ್‌ಸ್ಪೆಕ್ಟರ್‌ಗೆ ಅರ್ಥವಾಯಿತು. ‘ಕೈ ಸರಿಹೋಗಿಲ್ವಾ? ನಾನೇ ಹೋಗಿ ಮೇಡಂಗೆ ಹೇಳ್ತೀನಿ’ ಎಂದ. ನಾನು ಹೊಸದೊಂದು ಕೊರೆದು ಕೊಟ್ಟು, ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಅವನಿಗೆ, ಹೌದು ಕಣೇ, ಅವನಿಗೇ, ಕೈ ಮುಗಿದೆ.