ಅಪ್ಪನ ಕಲ್ಲಿನ ಮೇಲಿನ ಹುಲಿ

ಕೊರ್ರೆಮೆಟ್ಟಾ, ಬಸ್ತರ್
ಫೆಬ್ರವರಿ 14, ಶುಕ್ರವಾರ

ಪ್ರೀತಿಯ ದಾದಾ,

ಹೇಗಿದ್ದೀಯಾ? ಕೈ ಉರಿ ಕಡಿಮೆಯಾಯಿತಾ? ಹೋದ ವರ್ಷವೂ ಹೀಗೇ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿ ಬಂದಾಗ ನಿನ್ನ ಬೆರಳ ಸಂದಿಯೆಲ್ಲ ಸುಲಿದುಹೋಗಿತ್ತು. ಅವ್ವ ಸಣ್ಣ ಬಾಟ್ಲಿಯಲ್ಲಿ ಹಿಪ್ಪೆ ಎಣ್ಣೆ ಕಳಿಸಿದ್ದಾಳೆ, ಮಲಗುವ ಮೊದಲು ಹಚ್ಚಿಕೋ, ಕಣ್ಣು ಮುಟ್ಟಿಕೊಳ್ಳಬೇಡ. ನಿನ್ನ ಫೋನು ಕಾಲುವೆಗೆ ಬಿದ್ದ ಸುದ್ದಿ ಬಂತು. ಬಿದ್ದದ್ದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತಿದೆ. ಇಲ್ಲದಿದ್ದರೆ ಆ ವೀಡಿಯೋ ನೀನೂ ನೋಡಿರುತ್ತಿದ್ದೆ. ಅಜ್ಜಿ ಚೆನ್ನಾಗಿದ್ದಾಳೆ, ಬೈಯುವಷ್ಟು ಶಕ್ತಿ ಇದೆ. ಅವ್ವ ಚೆನ್ನಾಗಿದ್ದಾಳೆ ಅಂತ ಬರೆಯಲು ಹೊರಟಿದ್ದೆ, ಸುಳ್ಳು ಬರೆಯಲಾರೆ. ನನ್ನ ವಿಷಯ ಕೇಳಬೇಡ.

ರೋನಕ್ ನೆನಪಿದ್ದಾನಾ? ‘ಝೋಲಾ ಎತ್ತು, ಹೊರಡು!’ ಅಂತ ಕೂಗಿ ಊರೂರು ಸುತ್ತುವ ವೀಡಿಯೋ ಶುರುಮಾಡುವವನು, ಹಳದಿ ಟೋಪಿಯವನು. ನಾನು ಹುಣಸೆಮರದ ದಿಬ್ಬದ ಮೇಲೆ ಸಿಗ್ನಲ್ ಹಿಡಿಯಲು ಗಂಟೆಗಟ್ಟಲೆ ಕೂರುತ್ತಿದ್ದದ್ದು ಇವನಿಗಾಗಿಯೇ. ‘ಆ ಟೋಪಿಯೋನ್ನ ಮದ್ವೆ ಆಗ್ತೀಯೇನೇ ಕೋಸಿ?’ ಅಂತ ನೀನು ಹಂಗಿಸುತ್ತಿದ್ದೆ. ದಾದಾ, ನಾನು ಅವನ ಅಭಿಮಾನಿಗಳ ಗ್ರೂಪಿಗೆ ಅಡ್ಮಿನ್ ಆಗಿದ್ದೆ. ನಾಲ್ಕು ಸಾವಿರ ಜನರ ಗ್ರೂಪಿನಲ್ಲಿ ಮೂರು ಜನ ಅಡ್ಮಿನ್, ಅದರಲ್ಲಿ ಒಬ್ಬಳು ನಾನು, ಕೊರ್ರೆಮೆಟ್ಟಾದ ಹುಂಗಾನ ಮಗಳು. ಯಾರಾದರೂ ಅವನನ್ನು ಬೈದರೆ ಅವರ ಜೊತೆ ಜಗಳಕ್ಕೆ ಬೀಳುತ್ತಿದ್ದೆ. ಅವನು ಯಾವ ಊರಿಗೆ ಯಾವ ದಿನ ಹೋದ, ಏನು ತಿಂದ, ಎಲ್ಲವೂ ನನಗೆ ಬಾಯಿಪಾಠ. ಅಪ್ಪನ ಕಲ್ಲು ನಿಲ್ಲಿಸಿದ ವರ್ಷ ಅದರ ಫೋಟೋ ಹಾಕಿ, ‘ನಮ್ಮೂರಲ್ಲಿ ಸತ್ತವರಿಗೆ ಹೀಗೆ ಕಲ್ಲು ನಿಲ್ಲಿಸ್ತೀವಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಅದರ ಮೇಲೆ ಬರೀತೀವಿ, ಒಮ್ಮೆ ಬನ್ನಿ’ ಅಂತ ಬರೆದಿದ್ದೆ. ಅವನು ಅದಕ್ಕೆ ಒಂದು ಹೃದಯ ಒತ್ತಿದ. ಅಷ್ಟಕ್ಕೇ ನಾನು ಅವತ್ತು ಊಟ ಮರೆತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವನು ಬಂದ. ಒಬ್ಬನೇ ಬಂದಿದ್ದರೆ ಬೇರೆ ಮಾತು. ಎರಡು ಗಾಡಿ ತುಂಬ ಹತ್ತೊಂಬತ್ತು ಜನರನ್ನು ಕಟ್ಟಿಕೊಂಡು ಬಂದ. ನಾಲ್ಕು ದಿನದ ಪ್ರವಾಸವಂತೆ. ಮೊದಲ ದಿನ ಜಲಪಾತ, ಎರಡನೇ ದಿನ ಹಳೇ ಗುಡಿ ಮತ್ತು ಗುಹೆ, ಮೂರನೇ ದಿನ ಪಾರ್ಕಿನಲ್ಲಿ ಹುಲಿ, ನಾಲ್ಕನೇ ದಿನ ನಾವು. ಹೌದು, ಪಟ್ಟಿಯಲ್ಲಿ ಹುಲಿ ಆದಮೇಲೆ ನಾವು. ಪಾರ್ಕಿನಲ್ಲಿ ಹುಲಿ ಕಾಣಿಸಿರಲಿಲ್ಲ. ಅಪ್ಪ ಅಲ್ಲಿ ಹನ್ನೊಂದು ವರ್ಷ ಹುಲಿ ಎಣಿಸುವ ಕ್ಯಾಂಪಿನಲ್ಲಿ ದಿನಗೂಲಿ ಮಾಡಿ ಎರಡೇ ಎರಡು ಸಲ ನೋಡಿದ್ದ, ಇವರಿಗೆ ಬೆಳಗಿನ ಚಹಾ ಮತ್ತು ಮಧ್ಯಾಹ್ನದ ಊಟದ ನಡುವೆ ಕಾಣಿಸಬೇಕಿತ್ತು. ಇಳಿಯುವಾಗಲೇ ಮುಖ ಗಂಟು. ಸೋರೆಕಾಯಿಯಷ್ಟು ಉದ್ದದ ಕ್ಯಾಮೆರಾ ಹೊತ್ತ ಒಬ್ಬ ಅಂಕಲ್, ‘ನಿನ್ನೆ ಬರೀ ಜಿಂಕೆ ತೋರ್ಸಿದ್ಯಲ್ಲಪ್ಪಾ, ಜಿಂಕೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?’ ಅಂತ ರೋನಕ್‌ನನ್ನು ಎಲ್ಲರೆದುರೇ ಕೇಳುತ್ತಿದ್ದರು. ಅವನು ನಗುತ್ತಿದ್ದ. ವೀಡಿಯೋದಲ್ಲಿ ನಗುವ ಹಾಗೆಯೇ, ಆದರೆ ಕ್ಯಾಮೆರಾ ಆಫ್ ಆದಕೂಡಲೇ ನಗುವೂ ಆಫ್. ನಾನು ಅವತ್ತು ಅದನ್ನು ನೋಡಿಯೂ ನೋಡದ ಹಾಗೆ ಇದ್ದೆ.

ನಾನೇ ಊರು ತೋರಿಸಿದೆ. ನಾನೇ ಹೆಂಗಸರನ್ನು ಕರೆದು ಕುಣಿಸಿದೆ. ಹಾಡುಹಗಲಲ್ಲಿ, ಮದುವೆ ಇಲ್ಲ, ಹಬ್ಬ ಇಲ್ಲ. ಹಿರಿಯರು ಅಟ್ಟದಿಂದ ಕಾಡೆಮ್ಮೆ ಕೋಡಿನ ಕಿರೀಟ ಇಳಿಸುವಾಗ ಅಜ್ಜಿ ಕೇಳಿಯೇಬಿಟ್ಟಳು: ‘ಯಾರ್ ಮದ್ವೇನೇ ಇದು? ಆ ಟೋಪಿಯೋನ್ದಾ? ಹೆಣ್ಣೆಲ್ಲಿ, ಆ ಕ್ಯಾಮೆರಾನಾ?’ ಎಲ್ಲರೂ ನಕ್ಕರು. ಅಜ್ಜಿ ಏನಂದಳು ಅಂತ ಪ್ರವಾಸದವರು ಕೇಳಿದ್ದಕ್ಕೆ, ನಿಮಗೆ ಆಶೀರ್ವಾದ ಮಾಡಿದಳು ಅಂದೆ. ಅವರು ಕೈ ಮುಗಿದರು. ಕೆಂಪಿರುವೆ ಚಟ್ನಿ ಕೊಟ್ಟರೆ ಒಬ್ಬಳು ನಾಲಿಗೆಗೆ ಮುಟ್ಟಿಸಿ, ಕಿರುಚಿ, ಮತ್ತೆ ಮುಟ್ಟಿಸಿ, ಮತ್ತೆ ಕಿರುಚಿ, ಮೂರು ಸಲ ಮಾಡಿದಳು, ಮೊದಲ ಎರಡು ಕಿರುಚು ವೀಡಿಯೋದಲ್ಲಿ ಸರಿ ಬರಲಿಲ್ಲವಂತೆ. ಇಷ್ಟೇ ಆಗಿದ್ದರೆ ನಗುತ್ತಾ ನಿನಗೆ ಬರೆಯುತ್ತಿದ್ದೆ, ಆಣೆಗೂ.

ಆಮೇಲೆ ಕಲ್ಲುಗಳ ಹತ್ತಿರ ಹೋದೆವು. ನಮ್ಮ ಮನೆತನದ ಸಾಲು, ಮುತ್ತಜ್ಜನಿಂದ ಹಿಡಿದು ಅಪ್ಪನವರೆಗೆ. ಅಪ್ಪನ ಕಲ್ಲನ್ನು ಅವನು ದೂರದಿಂದಲೇ ಗುರುತು ಹಿಡಿದ. ‘ಇದೇ ಅಲ್ವಾ ನಿನ್ ಫೋಟೋದಲ್ಲಿದ್ದದ್ದು?’ ಅಂದ. ನೆನಪಿಟ್ಟುಕೊಂಡಿದ್ದಾನಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂತು, ಎಂಥ ಪೆದ್ದಿ ನೋಡು. ಜೋಗಾ ಕಾಕಾ ಬರೆದ ಸೈಕಲ್, ಹೊಗೆಸೊಪ್ಪಿನ ಡಬ್ಬಿ, ಕ್ಯಾಂಪಿನ ಸೀಟಿ, ಮೈನಾ ಹಕ್ಕಿ, ಒಂದೊಂದನ್ನೂ ವಿವರಿಸಿದೆ. ಅಪ್ಪ ಹೇಗೆ ಹೋದ ಅಂತ ಕೇಳಿದ. ಹುಲಿ ಕ್ಯಾಂಪಿನಲ್ಲಿದ್ದಾಗ ಜ್ವರ ಬಂತು, ಮಳೆಯಲ್ಲಿ ಹಳ್ಳ ತುಂಬಿ ಮೂರು ದಿನ ಕೆಳಗೆ ತರಲಾಗಲಿಲ್ಲ, ಅಲ್ಲೇ ಹೋದ ಅಂದೆ. ಅಪ್ಪ ಕಂಡ ಆ ಎರಡು ಹುಲಿಯ ಕಥೆಯನ್ನೂ ಹೇಳಿದೆ. ಮಣ್ಣಿನಲ್ಲಿ ಹೆಜ್ಜೆಗುರುತು ಸಿಕ್ಕರೆ ಅದರ ಪಕ್ಕ ತನ್ನ ಅಂಗೈ ಇಟ್ಟು ಅಳೆದು, ಮನೆಗೆ ಬಂದು ನಮ್ಮ ಬೆನ್ನ ಮೇಲೆ ಅಂಗೈ ಇಟ್ಟು ‘ಇಷ್ಟಿತ್ತು ನೋಡು’ ಅನ್ನುತ್ತಿದ್ದನಲ್ಲ, ಅದನ್ನೂ ಹೇಳಿದೆ. ಯಾಕೆ ಹೇಳಿದೆನೋ. ಅದು ನಮ್ಮ ಮೂವರ ಮಾತಾಗಿತ್ತು.

ವೀಡಿಯೋ ಮರುದಿನವೇ ಬಂತು. ಹೆಸರು ಏನು ಗೊತ್ತಾ? ‘ಹುಲಿಗೆ ಬಲಿಯಾದವನ ಕಲ್ಲು.’ ನಾನು ಹೇಳಿದ್ದರಲ್ಲಿ ‘ಹುಲಿ ಕ್ಯಾಂಪಿನಲ್ಲಿದ್ದಾಗ’ ಇದೆ, ‘ಅಲ್ಲೇ ಹೋದ’ ಇದೆ. ಜ್ವರ ಇಲ್ಲ. ಮಳೆ ಇಲ್ಲ. ಹಳ್ಳ ಇಲ್ಲ. ಕತ್ತರಿಸಿ ಬಿಸಾಡಿದ್ದಾನೆ, ಕೋಳಿಯ ಕರುಳು ಬಿಸಾಡಿದ ಹಾಗೆ. ಹಿಂದೆ ಹುಲಿ ಗರ್ಜನೆ, ಮುಂದೆ ನನ್ನ ಮುಖ, ಮಧ್ಯೆ ಅಪ್ಪನ ಕಲ್ಲು. ಕಲ್ಲಿನ ಮೇಲೆ, ಸೈಕಲ್ ಪಕ್ಕದಲ್ಲಿ, ಹೊಸ ಹಳದಿ ಬಣ್ಣದ ಒಂದು ಹುಲಿ. ಬಾಲಕ್ಕೆ ಜಾಗ ಸಾಲದೆ ಹಿಂದಿನ ಚಕ್ರದ ಮೇಲೆ ಹಾದುಹೋಗಿದೆ. ಪಾರ್ಕಿನಲ್ಲಿ ಸಿಗದ ಹುಲಿಯನ್ನು ಅಪ್ಪನ ಎದೆಯ ಮೇಲೆ ತೋರಿಸಿ ತನ್ನ ಹತ್ತೊಂಬತ್ತು ಜನರನ್ನು ಸಮಾಧಾನ ಮಾಡಿದ. ‘ಇದು ಸುಳ್ಳು, ನನ್ನ ಅಪ್ಪ ಜ್ವರದಿಂದ ಹೋದದ್ದು’ ಅಂತ ಕೆಳಗೆ ಬರೆದೆ. ಅಳಿಸಿದ. ಮತ್ತೆ ಬರೆದೆ, ಮತ್ತೆ ಅಳಿಸಿದ. ಹನ್ನೊಂದು ಸಲ, ದಾದಾ. ಗ್ರೂಪಿನಲ್ಲಿ ಬರೆದರೆ, ಯಾರ ಜೊತೆ ಸೇರಿ ನಾನು ಅವನ ಪರವಾಗಿ ಜಗಳವಾಡಿದ್ದೆನೋ ಅವರೇ, ‘ಬಿಡು ತಂಗಿ, ಕಥೆ ಸೂಪರ್ ಆಗಿದೆ, ನಿಮ್ಮೂರು ಫೇಮಸ್ ಆಯ್ತಲ್ಲ’ ಅಂದರು. ಸಂಜೆಗೆ ಅಡ್ಮಿನ್ ಪಟ್ಟಿಯಿಂದ ನನ್ನ ಹೆಸರು ತೆಗೆದರು, ಆಮೇಲೆ ಗ್ರೂಪಿನಿಂದಲೇ ತೆಗೆದರು. ಎರಡು ವರ್ಷ ನಾನು ಬಾಗಿಲು ಕಾದ ಮನೆಯಿಂದ ನನ್ನನ್ನೇ ಹೊರಗೆ ದಬ್ಬಿದರು.

ಕಲ್ಲಿನ ಮೇಲೆ ಹುಲಿ ಬಂದರೆ ನಮ್ಮೂರಲ್ಲಿ ಅದರ ಅರ್ಥ ಏನು ಅಂತ ನಿನಗೆ ಹೇಳಬೇಕಾಗಿಲ್ಲ, ನಿನಗೆ ಗೊತ್ತಿದೆ. ನನಗೆ ಗೊತ್ತಿರಲಿಲ್ಲ! ಅದಕ್ಕೆ ನಿಮ್ಮೆಲ್ಲರ ಮೇಲೂ ನನಗೆ ಸಿಟ್ಟಿದೆ. ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಇದನ್ನೆಲ್ಲ ಯಾರು ಹೇಳಬೇಕಿತ್ತು? ಅಪ್ಪನ ಕಲ್ಲು ಬರೆಸುವಾಗ ನಾನು ಹುಲಿ ಕೇಳಿದ್ದೆ, ‘ಹುಲಿ ಬ್ಯಾಡ ಮಗಾ, ಸೈಕಲ್ಲು ದೊಡ್ಡದಾಗಿ ಬರೀತೀನಿ’ ಅಂತ ಜೋಗಾ ಕಾಕಾ ಮಾತು ಮರೆಸಿದ. ನೀನೂ ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಹುಲಿಗೆ ಸಿಕ್ಕು ಸತ್ತವನ ಕಲ್ಲಿಗೆ ಮಾತ್ರ ಹುಲಿ ಬರೆಯುವುದು, ಆ ಕಲ್ಲು ಸಾಲಿನಲ್ಲಿ ನಿಲ್ಲುವ ಹಾಗಿಲ್ಲ, ಹಳ್ಳದಾಚೆ ಗಡಿಯಲ್ಲಿ ಒಂಟಿಯಾಗಿ ನಿಲ್ಲಬೇಕು, ಹಬ್ಬದಲ್ಲಿ ಅದಕ್ಕೆ ಒಂದು ದೊನ್ನೆ ಸಾರಾಯಿ ಕೂಡ ಇಲ್ಲ ಅಂತ ಅಜ್ಜಿ ನನಗೆ ಹೇಳಿದ್ದು ಹೋದ ಶನಿವಾರ. ಎಲ್ಲ ಆದಮೇಲೆ.

ಭಾನುವಾರ ನಿನಗೆ ನಿಶ್ಚಯವಾದ ಮಂಗ್ಲಿಯ ಸೋದರಮಾವ ಬಂದಿದ್ದ. ಅಂಗಳದಲ್ಲೇ ನಿಂತ, ನೀರು ಕೊಟ್ಟರೆ ಕುಡಿಯಲಿಲ್ಲ. ‘ಹುಂಗಾನ್ನ ಹುಲಿ ಹೊಡ್ದಿದ್ದು ನಮ್ಗೆ ಯಾಕ್ ಮುಚ್ಚಿಟ್ರಿ? ನಮ್ ಹುಡ್ಗೀನ ಅಂಥ ಮನೇಗೆ ಹೆಂಗ್ ಕೊಡೋದು?’ ಅಂದ. ಅವ್ವ ‘ಜ್ವರ, ಜ್ವರ’ ಅಂತ ಹೇಳಿದ್ದನ್ನೇ ಹೇಳಿದಳು. ‘ಹೆಣ ಯಾರು ನೋಡಿದ್ರು? ಟಾರ್ಪಾಲಲ್ಲಿ ಸುತ್ಕೊಂಡು ತಂದ್ರಲ್ಲ’ ಅಂತ ಕೇಳಿದ. ನಿಶ್ಚಯದ ದಿನ ನಾವು ಕೊಟ್ಟಿದ್ದ ಬಳೆಗಳನ್ನು ಜಗುಲಿಯ ಮೇಲೆ ಇಟ್ಟು ಹೋದ. ಮಂಗ್ಲಿ ಮಾತ್ರ ಒಂದು ಬಳೆ ಇಟ್ಟುಕೊಂಡಿದ್ದಾಳಂತೆ, ಕಳೆದುಹೋಯಿತು ಅಂದಳಂತೆ. ಅದನ್ನು ನೀನು ತಿಳಿದುಕೊಳ್ಳಬೇಕು ಅಂತ ಬರೆದೆ. ಅವತ್ತಿನಿಂದ ಅವ್ವ ದಿನಾ ಪೊರಕೆ ಹಿಡಿದು ಅಪ್ಪನ ಕಲ್ಲಿನ ಬುಡದಲ್ಲಿ ಕೂರುತ್ತಾಳೆ. ಆ ವೀಡಿಯೋ ನೋಡಿಕೊಂಡು ಇನ್ನೂ ಮೂರು ಗಾಡಿ ಬಂದವು. ಒಬ್ಬ ಇಳಿದು, ‘ಹುಲಿ ಕಲ್ಲು ಎಲ್ಲಿ?’ ಅಂದ. ಅವ್ವ ಪೊರಕೆ ಎತ್ತಿದಳು. ಅವನು ಅದನ್ನೂ ಫೋಟೋ ಹೊಡೆದ.

ಬರುವ ಬುಧವಾರ, ಸಂತೆ ಮುಗಿದಮೇಲೆ, ಊರಿನ ಸಭೆ. ಅಪ್ಪನ ಕಲ್ಲು ಸಾಲಿನಲ್ಲಿ ಉಳಿಯುತ್ತದೋ, ಕಿತ್ತು ಹಳ್ಳದಾಚೆ ನಿಲ್ಲಿಸುತ್ತಾರೋ, ಅವತ್ತು ತೀರ್ಮಾನ. ಪೂಜೆ ಮಾಡುವ ಪೇರ್ಮಾ ಅಜ್ಜ ಅವ್ವನಿಗೆ ಮೊದಲೇ ಹೇಳಿದ್ದಾನೆ: ‘ಹೊರಗಿನೋನ ಕೈ ಆಗಿದ್ರೆ ತೊಳ್ದು ಒಂದು ಕೋಳಿ ಕೊಟ್ರೆ ಮುಗೀತು. ಮನೆಯೋರ್ ಕೈ ಆಗಿದ್ರೆ ಹುಲಿ ಹೊಡ್ದಿದ್ದಕ್ಕೆ ಅದೇ ಸಾಕ್ಷಿ, ತಾಯಿ, ನಾನೇನೂ ಮಾಡೋಕಾಗಲ್ಲ.’ ಊರೆಲ್ಲ ಟೋಪಿಯವನೇ ಬರೆದ ಅನ್ನುತ್ತಿದೆ. ಅದಕ್ಕೇ ಅವ್ವನ ಹಟ, ನೀನು ಬಂದು ಮಣ್ಣು ಮುಟ್ಟಿ ಆಣೆ ಮಾಡಬೇಕು, ಆ ಹುಲಿ ಬರೆದವನು ಅವನೇ ಅಂತ. ಗಂಡುಮಗನ ಆಣೆ ಸಾಕು, ಮತ್ತೆ ಯಾರೂ ಕೇಳುವುದಿಲ್ಲ ಅನ್ನುತ್ತಾಳೆ. ನನಗೆ ಬೇಕಾದದ್ದು ಬೇರೆ. ಅವತ್ತು ಟಾರ್ಪಾಲು ಬಿಚ್ಚಿ ಅಪ್ಪನಿಗೆ ಸ್ನಾನ ಮಾಡಿಸಿದವನು ನೀನೊಬ್ಬನೇ. ಮೈಮೇಲೆ ಒಂದು ಗೀರೂ ಇರಲಿಲ್ಲ ಅಂತ ಹೇಳಬಲ್ಲವನು ಈ ಲೋಕದಲ್ಲಿ ನೀನೊಬ್ಬನೇ. ಹೇಗಾದರೂ ಬಾ. ಗುತ್ತಿಗೆಯವನು ಬಿಡದಿದ್ದರೆ ಹೇಳದೆ ಬಾ. ಮಂಗಳವಾರ ಬೆಳಗಿನ ಬಸ್ಸು ಹಿಡಿದರೂ ಸಾಕು.

ಅಜ್ಜಿ ನಿನ್ನ ತಲೆ ಮುಟ್ಟಿದ ಹಾಗೆ ಈ ಕಾಗದ ಮುಟ್ಟಿ ಕೊಟ್ಟಿದ್ದಾಳೆ. ಬೆರಳ ಗುರುತು ಕೆಳಗೆ ಮೂಲೆಯಲ್ಲಿದೆ, ಹುಣಸೆ ಬಿಡಿಸುತ್ತಿದ್ದಳು. ಅಲ್ಲಿರುವ ನಮ್ಮೂರಿನವರಿಗೆಲ್ಲ ಜೋಹಾರ್ ಹೇಳು.

ನಿನ್ನ ತಂಗಿ,
ಕೋಸಿ

ಮರೆತ ಮಾತು: ಕಾಗದ ಒಯ್ಯುವ ಜೀಪಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಮಡಚಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ದಾದಾ, ಅವ್ವ ಹೇಳಿದ ಆಣೆ ಮಾಡಬೇಡ. ಮಣ್ಣು ಮುಟ್ಟಿ ಸುಳ್ಳು ಹೇಳಿದರೆ ಏನಾಗುತ್ತದೆ ಅಂತ ಅಷ್ಟು ಮಾತ್ರ ನನಗೂ ಗೊತ್ತು. ಆ ಹುಲಿ ಬರೆದದ್ದು ನಾನು. ಅವನು ಬ್ರಷ್ ಮುಟ್ಟಲಿಲ್ಲ. ಕಲ್ಲಿನ ಮುಂದೆ ನಿಂತು ‘ಅಯ್ಯೋ, ಇಲ್ಲೊಂದು ಹುಲಿ ಇದ್ದಿದ್ರೆ!’ ಅಂದ, ನನ್ನ ಕಡೆ ನೋಡಿದ, ಅಷ್ಟೇ. ಆಗ ಊರವರು ಯಾರೂ ಹತ್ತಿರ ಇರಲಿಲ್ಲ, ನಾನು ಮನೆಗೆ ಓಡಿ ಗೋಡೆಗೆ ಬಳಿದು ಉಳಿದಿದ್ದ ಹಳದಿ ತಂದೆ. ಅವನು ಹೇಳಿದ ಅಂತ ಮಾತ್ರ ಅಲ್ಲ, ಅಪ್ಪನಿಗೆ ಇಷ್ಟ ಅಂತ. ಎರಡು ವರ್ಷದಿಂದ ಆ ಕಲ್ಲಿನ ಮೇಲೆ ಅದೊಂದು ಕಡಿಮೆ ಇದೆ ಅಂತ ನನಗೆ ಅನ್ನಿಸುತ್ತಿತ್ತು. ಏಳು ದಿನದಿಂದ ಅವ್ವ ಅವನ ಕೈ ಕೊಳೆತು ಬೀಳಲಿ ಅಂತ ಶಪಿಸುತ್ತಿದ್ದಾಳೆ, ನಾನು ಪಕ್ಕದಲ್ಲಿ ಕೂತು ನನ್ನ ಕೈ ನೋಡಿಕೊಳ್ಳುತ್ತೇನೆ. ಬುಧವಾರ ಎದ್ದು ನಿಂತು ಹೇಳುತ್ತೇನೆ, ಕಲ್ಲು ಹೋದರೆ ಹೋಗಲಿ ಅನ್ನಲು ಬಾಯಿ ಬರುತ್ತಿಲ್ಲ, ಆದರೂ ಹೇಳುತ್ತೇನೆ. ನೀನು ಪಕ್ಕದಲ್ಲಿರು. ನೀನು ನೋಡಿದ್ದನ್ನು ನೀನು ಹೇಳು, ನಾನು ಬರೆದದ್ದನ್ನು ನಾನು ಹೇಳುತ್ತೇನೆ.