ಪೆನ್ನು ಚೀಲಕ್ಕೆ ಹೋದದ್ದು

ಬರವಣಿಗೆ ಸಹಾಯ ಕೊಠಡಿ, ಕಾಲೇಜು
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಣ್ಣಾ,

ಬೆಸುಗೆಯ ಕಿಡಿ ಸಿಡಿದ ಕಣ್ಣು ಈಗ ಹೇಗಿದೆ? ಉರಿ ಕಡಿಮೆಯಾಯಿತೇ? ಕನ್ನಡಕ ಹಾಕದೆ ಕೆಲಸ ಮಾಡುವ ಶೂರತನ ಇನ್ನಾದರೂ ಸಾಕು, ಪುಣ್ಯಾತ್ಮ. ನಾವಿಲ್ಲಿ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು, ಬಾಯಿ ಎರಡೂ ಮೊದಲಿನಂತೆಯೇ ಇವೆ.

ನನ್ನ ಹೊಸ ಕೆಲಸ ಹೇಗೆ ಎಂದು ಕೇಳಿದ್ದೆಯಲ್ಲ. ಹೊಸಬರು ಬರೆದು ತಂದದ್ದನ್ನು ನಮ್ಮಂಥ ಹಿರಿಯ ವಿದ್ಯಾರ್ಥಿಗಳು ಜೊತೆಗೆ ಕೂತು ನೋಡಬೇಕು. ಇದೇನು ಮಹಾ ಎಂದುಕೊಂಡು ಮೊದಲ ದಿನವೇ ಕೆಂಪು ಪೆನ್ನು ಹಿಡಿದು ಕೂತೆ. ಬಂದವರು ನಲವತ್ತು ದಾಟಿದ ಹೆಂಗಸು; ಹದಿನೆಂಟು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದು, ಈಗ ನಮ್ಮ ಸಂಜೆ ತರಗತಿ ಸೇರಿದವರು. ಎಲ್ಲರಿಗೂ ಅವರು ಆಯಾಕ್ಕ. ನರ್ಸಿಂಗ್ ಕೋರ್ಸಿಗೆ ತಾನೇಕೆ ಸೇರಬೇಕು ಎಂದು ಒಂದು ಪುಟ ಬರೆದು ತಂದಿದ್ದರು. ನಾನು ಅರ್ಧ ಗಂಟೆಯಲ್ಲಿ ಅದನ್ನು ಹಿಂಡಿ ಹಿಪ್ಪೆ ಮಾಡಿ, 'ಮಾನವೀಯ ಮೌಲ್ಯಗಳ ಸಾಕಾರ', ಅದು ಇದು ಎಂದು ಹೊಸದಾಗಿಯೇ ಬರೆದುಕೊಟ್ಟೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವಾರದ ನಂತರ ಅದೇ ಹಾಳೆ ಹಿಡಿದು ಬಂದರು. ಸಂದರ್ಶನದಲ್ಲಿ 'ಸಾಕಾರ ಅಂದ್ರೇನಮ್ಮಾ?' ಎಂದು ಕೇಳಿದರಂತೆ. ಬೇರೆಯವರು ಬರೆದುಕೊಟ್ಟದ್ದು ಎಂದು ಇವರು ಇದ್ದದ್ದನ್ನೇ ಹೇಳಿದರಂತೆ. ನೀವೇ ಬರೆದು ತನ್ನಿ ಎಂದು ಮೂರು ದಿನ ಕೊಟ್ಟು ಕಳಿಸಿದ್ದರು. ಆಯಾಕ್ಕ ನನ್ನನ್ನು ಬೈದಿದ್ದರೆ ವಾಸಿಯಿತ್ತು. 'ಚೆನ್ನಾಗೇ ಬರ್ದಿದ್ರಿ. ಅದ್ರಲ್ಲಿ ನಾನೆಲ್ಲಿದ್ದೀನಿ ಅಂತ ಹುಡುಕ್ದೆ, ಸಿಗ್ಲಿಲ್ಲ' ಎಂದರಷ್ಟೆ. ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು.

ತಪ್ಪಾಯಿತೆಂದು ಹೇಳಿ ಪೆನ್ನನ್ನು ಚೀಲಕ್ಕೆ ಹಾಕಿದೆ. ಏಳಲಾಗದವರನ್ನು ಮಗ್ಗುಲು ಹೊರಳಿಸುವುದು ಹೇಗೆ ಎಂದು ಸುಮ್ಮನೆ ಕೇಳಿದೆ. 'ಮೊದ್ಲು ನಮ್ ಕೈ ಬೆಚ್ಚಗೆ ಮಾಡ್ಕೋಬೇಕು. ತಣ್ಣನೆ ಕೈ ತಾಗಿದ್ರೆ ಮೈ ಬಿಗಿ ಹಿಡೀತಾರೆ' ಎಂದರು. ಇದನ್ನೇ ಬರೆಯಿರಿ ಎಂದೆ. 'ಇದೂ ಒಂದು ಬರೆಯೋ ವಿಷಯಾನಾ?' ಎಂದು ನಕ್ಕರು. ಆಮೇಲೆ ಒಂದೂವರೆ ಗಂಟೆ ತಲೆ ಎತ್ತಲಿಲ್ಲ. ನನಗೋ ಕೈ ತುರಿಸುತ್ತಿತ್ತು, ಕೈ ಕಟ್ಟಿಕೊಂಡು ಕೂತೆ. ಅರ್ಥವಾಗದ ಕಡೆ ಮಾತ್ರ ಕೇಳಿದೆ. ಕೊನೆಗೆ ಎರಡು ಕಾಗುಣಿತದ ತಪ್ಪು ತೋರಿಸಿದೆ, ಮೂರನೆಯದನ್ನು ಅವರೇ ಹಿಡಿದರು. ನಿನ್ನೆ ಕೋರ್ಸಿಗೆ ಆಯ್ಕೆಯಾದವರ ಪಟ್ಟಿ ಬಂತು. ಅವರ ಹೆಸರು ಕೆಳಗಿನಿಂದ ಎರಡನೆಯದು. ಇದ್ದರೆ ಸಾಕಲ್ಲವೇ!

ಅತ್ತಿಗೆಗೆ ನನ್ನ ನೆನಪು ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ವಾಚಾಳಿ ತಂಗಿ

ಹೇಳುವುದೇ ಮರೆತಿದ್ದೆ: ಅಪ್ಪನಿಗೆ ಕೊಡುವ ಮುಂಚೆ ತಿದ್ದು ಎಂದು ನೀನು ಕಳಿಸಿದ್ದ ಪತ್ರವನ್ನು ತಿದ್ದದೆ ಇದರ ಜೊತೆಗೇ ವಾಪಸು ಇಟ್ಟಿದ್ದೇನೆ. 'ಆ ದಿನ ಮನೆ ಬಿಟ್ಟು ಹೊರಟಾಗ' ಎಂದು ಶುರು ಮಾಡಿ, ಸಾಲನ್ನು ಅಲ್ಲಿಗೇ ನಿಲ್ಲಿಸಿದ್ದೀಯ. ಹೊರಟಾಗ ನಿನಗೆ ಏನನ್ನಿಸಿತು ಅಣ್ಣಾ? ಐದು ವರ್ಷದಿಂದ ಅಪ್ಪ ನನ್ನನ್ನು ಕೇಳುತ್ತಿರುವುದೂ ಅದನ್ನೇ. ನೀನೇ ಬರಿ.